ಸಹಾಯ ಬೇಕು: ತಗ್ಗಿಸಿದ ಸ್ವಿಫ್ಟ್‌ಗೆ ಯಾವ ಚಕ್ರ ಸರಿ?

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವನು. ನನ್ನ ಬಳಿ ಇರುವುದು 2014ರ ಸ್ವಿಫ್ಟ್ ಕಾರು, ಕಂಪನಿಯಿಂದ ಬಂದ ಟೈರು 185/65 ಆರ್15 (ಅಗಲ 185 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ. 65, ರಿಮ್ 15 ಇಂಚು).

ಕಳೆದ ತಿಂಗಳು ಒಂದು ಗ್ಯಾರೇಜಿನಲ್ಲಿ ಸ್ಪ್ರಿಂಗ್‌ಗಳನ್ನು ಒಂದೊಂದು ಸುತ್ತು ಕತ್ತರಿಸಿ ಕಾರು ತಗ್ಗಿಸಿದರು, 17 ಇಂಚಿನ ಅಲಾಯ್ ಚಕ್ರ ಹಾಕಿದರು. ನಿಂತಾಗ ಬಹಳ ಚೆಂದ. ಆದರೆ ಕೈಮರ ದಾಟಿ ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರು ಕರಕರ ಉಜ್ಜುತ್ತದೆ. ಚಕ್ರ ಬಿಚ್ಚಿ ನೋಡಿದೆ: ಒಳಗಿನ ಪ್ಲಾಸ್ಟಿಕ್ ಹೊದಿಕೆ ಎರಡು ಬೆರಳಗಲ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು, ಅಂಚಿನಲ್ಲಿ ಕಪ್ಪು ರಬ್ಬರ್ ಪುಡಿ. ಅಪ್ಪ ಅಮ್ಮ ಕೂರುವ ಗಾಡಿ, ಎದೆ ಧಸಕ್ಕೆಂದಿತು. ಸ್ಪ್ರಿಂಗ್ ಕತ್ತರಿಸಲು ಒಪ್ಪಿದ್ದೇ ತಪ್ಪು.

ಈಗ 30 ಮಿ.ಮೀ. ತಗ್ಗಿಸುವ ಸಿದ್ಧ ಸ್ಪ್ರಿಂಗ್, 195/55 ಆರ್16 ಟೈರು ಹಾಕಿಸಬೇಕೆಂದಿದ್ದೇನೆ. ಇದರ ಒಟ್ಟು ವ್ಯಾಸ ಸುಮಾರು 621 ಮಿ.ಮೀ., ಕಂಪನಿಯ ಟೈರಿಗೆ ಸರಿಸಮ. ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಬೋಲ್ಟ್ ಅಳತೆ 4×100 (100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್), ನಡುವಿನ ರಂಧ್ರ 54.1 ಮಿ.ಮೀ. ಎಂಬುದು ಗೊತ್ತು. 6.5 ಇಂಚು ಅಗಲದ ರಿಮ್‌ಗೆ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕಿರುವ ದೂರ) ಎಷ್ಟಿರಬೇಕು? ಹಳೆಯ ಶಾಕ್ ಅಬ್ಸಾರ್ಬರ್ ಸಾಕೇ, ಗಿಡ್ಡನೆಯದೇ ಬೇಕೇ? ಹಾಸನದಲ್ಲಾಗಲಿ ಇಲ್ಲಾಗಲಿ, ತಗ್ಗಿಸಿದ ಗಾಡಿಗೆ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲಿರುವ ಕೋನ) ನೋಡಿ ಅಲೈನ್‌ಮೆಂಟ್ ಮಾಡುವವರಿದ್ದರೆ ದಯವಿಟ್ಟು ತಿಳಿಸಿ.