ಪದಚರ್ಚೆ: ಗಿಟಾರಿನ ಕುದುರೆ ಸರಿ, ಅದರ ಮೇಲೆ ‘ಜೀನು’ ಹಾಕಬಹುದೇ?

ಎಲ್ಲರಿಗೂ ನಮಸ್ಕಾರ.

ಅಕೂಸ್ಟಿಕ್ ಗಿಟಾರಿನ ಹಳೇ ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ ಆಗಿಸಿ ಸ್ಪೀಕರಿಗೆ ಕಳಿಸುವ ಭಾಗ) ತೆಗೆದು ಹೊಸದು ಹಾಕುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಸಣ್ಣಪುಟ್ಟ ರಿಪೇರಿ ತಾವೇ ಮಾಡಿಕೊಳ್ಳುವ ಹುಡುಗ ಹುಡುಗಿಯರಿಗೆ ಅಂತ. ಬರವಣಿಗೆ ಒಂದು ಪದದ ಹತ್ತಿರ ಬಂದು ನಿಂತಿದೆ. ಅದು ‘ಸ್ಯಾಡಲ್’, ಗಿಟಾರಿನ ತಂತಿಗಳು ಹಾದು ಹೋಗುವ ಸಣ್ಣ ಪಟ್ಟಿ. ಅದರ ಜತೆಗೆ ಇನ್ನೂ ಕೆಲವು ಪದಗಳಿವೆ, ಒಟ್ಟಿಗೇ ಕೇಳಿಬಿಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ‘ಪಿಕಪ್’ ಪದದ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮಲ್ಲಿ ಪಿಕಪ್ ಅಂದರೆ ಸಾಮಾನು ಸಾಗಿಸುವ ಗಾಡಿ. ಬೈಕ್ ಜೋರಾಗಿ ಎಳೆದರೂ ‘ಒಳ್ಳೆ ಪಿಕಪ್ ಇದೆ’ ಅಂತೀವಿ. ಆದರೂ ಗಿಟಾರ್ ಜತೆ ಬಂದಾಗ ಯಾರಿಗೂ ಗೊಂದಲ ಆಗುವುದಿಲ್ಲ. ‘ನಾದಗ್ರಾಹಿ’, ‘ಧ್ವನಿಸಂಗ್ರಾಹಕ’ ಥರದವನ್ನು ದಯವಿಟ್ಟು ಯಾರೂ ಸೂಚಿಸಬೇಡಿ. ಅಂಗಡಿಗೆ ಹೋಗಿ ಹಾಗೆ ಕೇಳುವವರು ಯಾರೂ ಇಲ್ಲ.

ಮರ ಮತ್ತು ತಂತಿಗೆ ಸೇರಿದ ಭಾಗಗಳಿಗಂತೂ ಹುಡುಕುವ ಕಷ್ಟವೇ ಇಲ್ಲ, ವೀಣೆಯವರ ಹತ್ತಿರ ಎಲ್ಲ ಸಿದ್ಧವಾಗಿದೆ. ಬೆರಳು ಒತ್ತುವ ಕಡೆ ಇರುವ ಅಡ್ಡಪಟ್ಟಿಗೆ, ಅಂದರೆ ಫ್ರೆಟ್ಟಿಗೆ ಮೆಟ್ಟಿಲು, ತಂತಿ ಬಿಗಿಯುವುದಕ್ಕೆ ಬಿರಡೆ, ತಂತಿಗಳನ್ನು ಹೊರುವ ಬ್ರಿಡ್ಜಿಗೆ ಕುದುರೆ. ಪಿಟೀಲಿನವರೂ ಕುದುರೆ ಅಂತಲೇ ಹೇಳುತ್ತಾರೆ. ಯಂತ್ರಾನುವಾದದಲ್ಲಿ ಮಾತ್ರ ಗಿಟಾರಿಗೆ ‘ಸೇತುವೆ’ ಬಂದುಬಿಡುತ್ತದೆ. ‘ಸೇತುವೆಯ ಕೆಳಗೆ ತಂತಿ ಎಳೆಯಿರಿ’ ಅಂದರೆ ಲೋಕೋಪಯೋಗಿ ಇಲಾಖೆಯ ಟೆಂಡರ್ ಓದಿದ ಹಾಗಾಗುತ್ತದೆ.

ತೊಡಕು ಇರುವುದು ಇಲ್ಲಿ. ವೀಣೆಯ ಕುದುರೆ ಮರದ್ದು. ಅದರ ತಲೆ ಮೇಲೆ ಲೋಹದ ತಗಡು ಕೂತಿರುತ್ತದೆ, ತಂತಿ ತಾಕುವುದು ಆ ತಗಡಿಗೆ. ಗಿಟಾರಿನ ಕುದುರೆಯೂ ಮರದ್ದೇ, ಆದರೆ ಅದನ್ನು ಮೇಲ್ಹಲಗೆಗೆ ಅಂಟು ಹಾಕಿ ಭದ್ರವಾಗಿ ಕೂರಿಸಿರುತ್ತಾರೆ. ಅದರಲ್ಲಿ ಉದ್ದಕ್ಕೆ ಕೊರೆದ ಸಣ್ಣ ಕಾಲುವೆ ಇರುತ್ತದೆ, ಅಗಲ ಸಾಮಾನ್ಯವಾಗಿ 2.4 ಅಥವಾ 3.2 ಮಿಲಿಮೀಟರ್. ಆ ಕಾಲುವೆಯೊಳಗೆ ಮೂಳೆಯದೋ ಪ್ಲಾಸ್ಟಿಕ್ಕಿನದೋ ಒಂದು ಪಟ್ಟಿ, ತಂತಿಗಳು ಹಾದು ಹೋಗುವುದು ಅದರ ಮೇಲೆ. ಅದಕ್ಕೆ ಸಾಮಾನ್ಯವಾಗಿ ಅಂಟು ಹಾಕಿರುವುದಿಲ್ಲ, ತಂತಿ ಬಿಚ್ಚಿದರೆ ಕೈಗೇ ಬರುತ್ತದೆ. ಅದೇ ಸ್ಯಾಡಲ್.

ಎರಡನ್ನೂ ಕುದುರೆ ಅಂತಲೇ ಕರೆದರೆ ಏನಾಗುತ್ತೆ ನೋಡಿ. ಸ್ಯಾಡಲ್ಲಿನ ಅಡಿಗೆ ಪಿಕಪ್ ಹಾಕುವಾಗ, ಪಿಕಪ್ಪಿನ ದಪ್ಪದಷ್ಟು ಸ್ಯಾಡಲ್ಲಿನ ತಳವನ್ನು ಉಜ್ಜಿ ಇಳಿಸಬೇಕು, ಇಲ್ಲದಿದ್ದರೆ ತಂತಿ ಮೇಲೆದ್ದು ಬೆರಳು ಒತ್ತುವುದೇ ಕಷ್ಟ. ಅಲ್ಲಿ ನಾನು ‘ಕುದುರೆಯ ತಳ ಉಜ್ಜಿ’ ಅಂತ ಬರೆದೆ ಅನ್ನಿ. ಓದಿದ ಹುಡುಗ ಅಂಟಿಸಿದ ಕುದುರೆಯನ್ನೇ ಚಾಕು ತೂರಿಸಿ ಎಬ್ಬಿಸೋಕೆ ಹೊರಟರೆ ಹಲಗೆಯ ಮರವೂ ಜತೆಗೆ ಎದ್ದು ಬರುತ್ತದೆ. ಹಾಗಾಗಿ ಸುಮ್ನೆ ಪದದ ಚಪಲಕ್ಕೆ ಕೇಳುತ್ತಿಲ್ಲ.

ನನ್ನ ಮನಸ್ಸು ‘ಜೀನು’ ಕಡೆಗೆ ವಾಲಿದೆ. ಜೀನು ಅಂದರೆ ಕುದುರೆ ಬೆನ್ನ ಮೇಲೆ ಸವಾರ ಕೂರುವ ಆಸನ, ಇಂಗ್ಲಿಷಿನ ಸ್ಯಾಡಲ್ಲಿನ ಮಾಮೂಲಿ ಅರ್ಥವೂ ಅದೇ. ಇಂಗ್ಲಿಷಿನವರು ಸೇತುವೆಯ ಮೇಲೆ ಜೀನು ಹಾಕಿಕೊಂಡಿದ್ದಾರೆ, ಹೇಗೆ ಹೊಂದಿಸಿಕೊಂಡರೋ ಅವರಿಗೇ ಗೊತ್ತು. ನಮ್ಮಲ್ಲಿ ಕುದುರೆ ಮೊದಲಿಂದಲೂ ಇದೆ. ಕುದುರೆ ಮೇಲೆ ಜೀನು ತಾನಾಗಿ ಬಂದು ಕೂರುತ್ತದೆ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಬರೆಯಲು ಕೂತಾಗ ಕಿರಿಕಿರಿ ಶುರುವಾಗುತ್ತದೆ. ಈಗಿನ ಮಕ್ಕಳಿಗೆ ಜೀನು ಅಂದರೆ ವಿಜ್ಞಾನ ಪಾಠದ ಜೀನು, ಅಪ್ಪ ಅಮ್ಮನಿಂದ ಬರುತ್ತದಲ್ಲ ಅದು. ‘ಜೀನಿನ ಅಡಿ’ ಅಂತ ಬರೆದರೆ ಕಣ್ಣು ‘ಜೇನಿನ ಅಡಿ’ ಅಂತ ಓದಿಕೊಂಡು ಮುಂದೆ ಹೋಗುತ್ತದೆ. ‘ತಡಿ’ ಅನ್ನಬಹುದು, ಅದಕ್ಕೂ ಆ ಅರ್ಥ ಇದೆ, ಆದರೆ ತಡಿ ಅಂದಕೂಡಲೇ ಹೊಳೆಯ ದಡ ನೆನಪಾಗುತ್ತದೆ. ‘ತಡಿ ತೆಗೆಯಿರಿ’ ಅಂದರೆ ‘ತಡೀರಿ’ ಅಂತ ಕೇಳಿಸಿಕೊಂಡು ಸುಮ್ಮನೆ ಕೂತರೂ ಕೂತರೇ. ಹಳಗನ್ನಡದ ಕಡೆಯಿಂದ ‘ಹಲ್ಲಣ’ ಇದೆ. ಚೆಂದದ ಪದ, ಆದರೆ ನಿಘಂಟು ತೆಗೆಯದೆ ಯಾರಿಗೂ ಗೊತ್ತಾಗಲ್ಲ. ‘ಮೂಳೆಪಟ್ಟಿ’ ಅಂತ ಒಬ್ಬ ಗೆಳೆಯರು ಹೇಳಿದರು. ಪ್ಲಾಸ್ಟಿಕ್ಕಿನದಕ್ಕೂ ಮೂಳೆ ಅನ್ನಬೇಕಾಗುತ್ತದೆ. ‘ಕುದುರೆಪಟ್ಟಿ’ ನನ್ನ ಎರಡನೇ ಆಯ್ಕೆ, ಆದರೆ ಅಡಿಗೆ ಹಾಕುವ ಪಿಕಪ್ಪೂ ನೋಡೋಕೆ ತೆಳ್ಳನೆಯ ಪಟ್ಟಿಯೇ. ಪಟ್ಟಿಯ ಅಡಿಗೆ ಪಟ್ಟಿ ಅಂದರೆ ಯಾವುದು ಯಾವುದು ಅಂತ ಮತ್ತೆ ಕೇಳಬೇಕು.

ಪದವನ್ನು ಒಂಟಿಯಾಗಿ ಇಟ್ಟು ನೋಡಿದರೆ ಏನೂ ತಿಳಿಯೋದಿಲ್ಲ ಅಲ್ವಾ, ವಾಕ್ಯದೊಳಗೆ ಇಟ್ಟು ನೋಡಿ. ಕೈಪಿಡಿಯ ಒಂದು ತುಂಡು ಇಲ್ಲಿದೆ:

“ತಂತಿಗಳನ್ನು ಪೂರ್ತಿ ಸಡಿಲಿಸಿ, ಕುದುರೆಯಲ್ಲಿ ತಂತಿ ಹಿಡಿದಿಡುವ ಪಿನ್ನು ಕಿತ್ತು, ಬಿಚ್ಚಿಡಿ. ಜೀನನ್ನು ಇಕ್ಕಳದಲ್ಲಿ ಹಿಡಿದು ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ಅಲ್ಲಾಡಿಸಬೇಡಿ. ಕಾಲುವೆಯ ಅಗಲ ಅಳೆದುಕೊಂಡು ಅದಕ್ಕೆ ಹೊಂದುವ ಪಿಕಪ್ಪನ್ನೇ ಕೊಳ್ಳಿ. ಮೊದಲ ಸಲ ಪಿಕಪ್ ಹಾಕುತ್ತಿದ್ದರೆ ಅದರ ದಪ್ಪ ಎಷ್ಟೋ ಅಷ್ಟಕ್ಕೆ ಜೀನಿನ ತಳದಿಂದ ಪೆನ್ಸಿಲ್ ಗೆರೆ ಎಳೆಯಿರಿ. ಗಾಜಿನ ಮೇಲೆ 120 ನಂಬರಿನ ಉಪ್ಪುಕಾಗದ ಅಂಟಿಸಿ, ಜೀನನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ಗೆರೆಯ ತನಕ ಉಜ್ಜಿ. ಮಧ್ಯೆ ಮಧ್ಯೆ ಬೆಳಕಿಗೆ ಹಿಡಿದು ಸ್ಕೇಲಿನ ಅಂಚಿಗೆ ತಾಕಿಸಿ ನೋಡಿ. ತಳದಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಅದರ ಮೇಲಿನ ತಂತಿ ಸ್ಪೀಕರಿನಲ್ಲಿ ಸಣ್ಣಗೆ ಕೇಳಿಸುತ್ತದೆ, ಪಕ್ಕದ್ದು ಜೋರಾಗಿರುತ್ತದೆ. ಕಾಲುವೆಯ ತಳವೂ ಅಷ್ಟೇ ಸಮ ಇರಬೇಕು, ಮರದ ಪುಡಿ ಉಳಿಯಬಾರದು.”

ನನ್ನ ಕಿವಿಗೆ ಇದು ಸರಿಯಾಗಿಯೇ ಕೇಳುತ್ತಿದೆ. ನಿಮಗೆ?

ಹಳೇ ಪಿಕಪ್ ಇದ್ದ ಗಿಟಾರಿಗೆ ಇನ್ನೊಂದು ಸಮಸ್ಯೆ ಇದೆ, ಅಲ್ಲೂ ಪದ ಬೇಕು. ಅದರ ಜೀನನ್ನು ಹಿಂದೆಯೇ ಉಜ್ಜಿ ಇಳಿಸಿರುತ್ತಾರೆ. ಹೊಸ ಪಿಕಪ್ ಹಳೆಯದಕ್ಕಿಂತ ತೆಳ್ಳಗಿದ್ದರೆ ತಂತಿಯ ಎತ್ತರ ಇಳಿಯುತ್ತದೆ. ಜೀನು 1 ಮಿಲಿಮೀಟರ್ ಇಳಿದರೆ 12ನೇ ಮೆಟ್ಟಿಲಿನ ಹತ್ತಿರ ತಂತಿ ಅರ್ಧ ಮಿಲಿಮೀಟರ್ ಇಳಿಯುತ್ತದೆ, ಮೆಟ್ಟಿಲಿಗೆ ತಾಗಿ ಝರಝರ ಅನ್ನೋಕೆ ಅಷ್ಟು ಸಾಕು. ಆಗ ಅಡಿಗೆ ಏನಾದರೂ ತೆಳ್ಳನೆಯದು ಕೊಡಬೇಕು ಅಥವಾ ಹೊಸ ಜೀನು ಮಾಡಿಸಬೇಕು. ಅಡಿಗೆ ಕೊಡುವುದಕ್ಕೆ ಬಡಗಿಗಳು ‘ಪ್ಯಾಕಿಂಗ್’ ಅಂತಾರೆ, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ‘ಬೆಣೆ’ ಸರಿಹೋಗದು, ಬೆಣೆ ಒಂದು ಕಡೆ ಚೂಪಾಗಿರಬೇಕು. ಹೊಸ ಜೀನೇ ವಾಸಿ ಅನ್ನೋದು ನನ್ನ ಅಭಿಪ್ರಾಯ, ಮೆತ್ತನೆಯ ಪ್ಯಾಕಿಂಗ್ ಕೊಟ್ಟರೆ ಅದು ತಂತಿಯ ನಡುಕವನ್ನು ತಿಂದುಹಾಕುತ್ತದೆ.

ಇನ್ನು ಪಿಕಪ್ಪಿನ ಬಗೆಗಳಿಗೆ ಹೆಸರು. ಇಂಗ್ಲಿಷಿನಲ್ಲಿ ಕೆಲವಕ್ಕೆ ಕೂರುವ ಜಾಗದಿಂದ ಹೆಸರು ಬಂದಿದೆ, ಕೆಲವಕ್ಕೆ ಕೆಲಸ ಮಾಡುವ ರೀತಿಯಿಂದ. ಕೊಳ್ಳುವವರಿಗೆ ಜಾಗವೇ ಮುಖ್ಯ, ಎಲ್ಲಿ ತೂತು ಕೊರೆಯಬೇಕು ಅನ್ನೋದು ಅದರಿಂದ ತಿಳಿಯುತ್ತದೆ. ಹಾಗಾಗಿ ನಾನು ಮೂರನ್ನೂ ಹೀಗೆ ಕರೆದಿದ್ದೇನೆ.

ಜೀನಿನ ಅಡಿಯದಕ್ಕೆ ‘ಅಡಿ ಪಿಕಪ್’. ಫಿಶ್‌ಮನ್, ಎಲ್.ಆರ್. ಬ್ಯಾಗ್ಸ್ ಕಂಪನಿಗಳ ಹೆಸರಾದ ಮಾದರಿಗಳಲ್ಲಿ ಹಲವು ಈ ಬಗೆಯವು. ಇದು ಪೀಜೋ, ಅಂದರೆ ಒತ್ತಿದರೆ ವಿದ್ಯುತ್ ಹುಟ್ಟುವ ವಸ್ತು. ಈ ಗುಣ 1880ರಲ್ಲಿ ಫ್ರಾನ್ಸಿನ ಕ್ಯೂರಿ ಅಣ್ಣತಮ್ಮಂದಿರು ಕಂಡುಹಿಡಿದದ್ದು. ಅಡುಗೆಮನೆಯಲ್ಲಿ ಟಕ್ ಟಕ್ ಅಂತ ಕಿಡಿ ಹಾರಿಸುವ ಗ್ಯಾಸ್ ಲೈಟರಿನಲ್ಲೂ ಇರುವುದು ಇದೇ ಗುಣ. ಬರೆಯುವಾಗ ಪೀಜೋ, ಪಿಯೆಜೋ, ಪೈಜೋ ಅಂತ ಒಬ್ಬೊಬ್ಬರದು ಒಂದೊಂದು. ನಾನು ಪೀಜೋಗೆ ಅಂಟಿಕೊಂಡಿದ್ದೇನೆ.

ಗಿಟಾರಿನ ದುಂಡು ತೂತಿಗೆ ಅಡ್ಡ ಕೂರುವ ಅಯಸ್ಕಾಂತದ್ದಕ್ಕೆ ‘ಬಾಯಿ ಪಿಕಪ್’. ಕೊಡಕ್ಕೆ, ಗಡಿಗೆಗೆ ಬಾಯಿ ಇದೆ, ಗಿಟಾರಿಗೂ ಇರಲಿ. ‘ನಾದರಂಧ್ರ’ ನನಗೆ ಯಾಕೋ ಹಿಡಿಸಲಿಲ್ಲ. ಇದನ್ನು ಸ್ಕ್ರೂ ತಿರುಗಿಸಿ ಕೂರಿಸಿದರೆ ಆಯಿತು, ಜೀನು ಮುಟ್ಟಬೇಕಿಲ್ಲ. ಉಕ್ಕಿನ ತಂತಿಗೆ ಮಾತ್ರ ಇದು ಸ್ಪಂದಿಸುತ್ತದೆ. ಕಂಚು ಸುತ್ತಿದ ತಂತಿಯಲ್ಲೂ ಒಳಗಿನ ಉಕ್ಕಿನ ಎಳೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಹಾಕಿದರೆ ದುಡ್ಡು ದಂಡ.

ಕುದುರೆಯ ಕೆಳಗೆ, ಗಿಟಾರಿನ ಒಳಗಡೆಯಿಂದ ಅಂಟಿಸುವುದಕ್ಕೆ ‘ಬಿಲ್ಲೆ ಪಿಕಪ್’. ಕೆ ಅಂಡ್ ಕೆ ಕಂಪನಿಯ ಪ್ಯೂರ್ ಮಿನಿಯಲ್ಲಿ ಇಂಥ ಮೂರು ಬಿಲ್ಲೆಗಳಿವೆ, ಬ್ಯಾಟರಿ ಬೇಡ. ಕರ್ಪೂರದ ಬಿಲ್ಲೆ, ಕುಂಟೆಬಿಲ್ಲೆ ಎಲ್ಲ ಗೊತ್ತಿರುವವರಿಗೆ ಪದ ತಟ್ಟನೆ ಹೊಳೆಯುತ್ತದೆ. ವೀಣೆಯವರು ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಇದರ ನೆಂಟನೇ. ಹಲಗೆಯ ನಾದವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ವೇದಿಕೆಯಲ್ಲಿ ಸ್ಪೀಕರ್ ಜೋರಾದರೆ ಬೇಗ ಕೂಗುತ್ತದೆ.

ಈ ‘ಕೂಗು’ ಇನ್ನೊಂದು ಪ್ರಶ್ನೆ. ಫೀಡ್‌ಬ್ಯಾಕಿಗೆ ಪದಕೋಶದವರು ‘ಹಿಮ್ಮಾಹಿತಿ’ ಅಂತಾರೆ. ಸ್ಪೀಕರಿನ ಸದ್ದು ಮತ್ತೆ ಗಿಟಾರಿನ ಹಲಗೆಯನ್ನು ಅಲುಗಿಸಿ, ಅದು ಪಿಕಪ್ಪಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು ಕುಂಯ್ ಅನ್ನೋದರಲ್ಲಿ ಮಾಹಿತಿ ಎಲ್ಲಿಂದ ಬಂತು? ಮೈಕ್‌ಸೆಟ್ಟಿನವರು ‘ಮೈಕ್ ಕೂಗ್ತಾ ಇದೆ’ ಅಂತಾರೆ, ನನಗೆ ಅದೇ ಸಾಕು. ಬಾಯಿಗೆ ರಬ್ಬರ್ ಮುಚ್ಚಳ ಹಾಕಿದರೆ ಈ ಕೂಗು ಎಷ್ಟೋ ಕಡಿಮೆ ಆಗುತ್ತದೆ.

ಅಡಿ ಪಿಕಪ್ ಇರುವ ಗಿಟಾರನ್ನು ಜೋರಾಗಿ ಮೀಟಿದಾಗ ಬರುವ ಒಂದು ಕೆಟ್ಟ ಸದ್ದಿದೆ, ಗಿಟಾರಿನವರು ‘ಕ್ವ್ಯಾಕ್’ ಅಂತಾರೆ. ಬಾತುಕೋಳಿ ನಮಗೆ ಬೇಡ. ಸದ್ದಿನ ಪದಗಳಿಗೆ ಕನ್ನಡದಲ್ಲಿ ಬರವೇ? ‘ತಗಡು ತಗಡಾಗಿ ಕೇಳುತ್ತೆ’ ಅಂತ ಬರೆದಿದ್ದೇನೆ, ಆದರೆ ತಗಡಿನ ಸದ್ದು ಸ್ವಲ್ಪ ಉದ್ದಕ್ಕೆ ಉಳಿಯುತ್ತದೆ. ಇದು ಚಟಕ್ ಅಂತ ಹುಟ್ಟಿ ಅಲ್ಲೇ ಸಾಯುವ ಸದ್ದು. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಕ್ರಿಯಾಪದಗಳ ಬಗ್ಗೆ ಚುಟುಕಾಗಿ. ‘ಅಳವಡಿಸಿ’ ಅಂತ ಎಲ್ಲ ಕಡೆ ಬರೆದರೆ ಸರ್ಕಾರಿ ಸುತ್ತೋಲೆ ಆಗಿಬಿಡುತ್ತದೆ. ಜೀನು ‘ಕೂರಿಸಿ’, ಬಿಲ್ಲೆ ‘ಅಂಟಿಸಿ’, ಕೇಬಲ್ ‘ಸಿಕ್ಕಿಸಿ’, ಇಷ್ಟೇ. ಬೆಲ್ಟ್ ಕಟ್ಟುವ ಗುಬುಟಿನ ತೂತನ್ನು ಜಾಕ್ (ಕೇಬಲ್ ಸಿಕ್ಕಿಸುವ ಭಾಗ) ಕೂರುವಂತೆ ಸುಮಾರು 12 ಮಿಲಿಮೀಟರಿಗೆ ದೊಡ್ಡದು ಮಾಡಬೇಕು, ಅದಕ್ಕೆ ‘ಹಿಗ್ಗಿಸಿ’ ಅಂದಿದ್ದೇನೆ. ಡ್ರಿಲ್ ಹಾಕಿದರೆ ಮರ ಚಕ್ಕೆ ಏಳುತ್ತದೆ, ತೂತು ಹಿಗ್ಗಿಸುವ ಹತಾರ ರೀಮರನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸುವುದು ಒಳ್ಳೆಯದು. ಇದನ್ನು ಅಂಗಡಿಯಲ್ಲೇ ಮಾಡಿಸಿ ಅನ್ನೋ ಕಡೆ ‘ಹಾಕಿಸಿ’, ‘ಹಿಗ್ಗಿಸಿಕೊಳ್ಳಿ’ ಅಂತ ಹೋಗುತ್ತದೆ. ಕನ್ನಡದ ‘-ಇಸು’ ಇಲ್ಲಿ ಅರ್ಧ ಪುಟ ಉಳಿಸಿತು. ‘ಕೇಬಲ್ ಸಿಕ್ಕಿಸಿಟ್ಟರೆ ಬ್ಯಾಟರಿ ಖಾಲಿ’ ಅನ್ನೋದನ್ನು ದಪ್ಪಕ್ಷರದಲ್ಲಿ ಹಾಕುತ್ತೇನೆ. ಬ್ಯಾಟರಿಯ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಬೇರೆ ಸ್ವಿಚ್ ಇರುವುದಿಲ್ಲ, ಕೇಬಲ್ ಸಿಕ್ಕಿಸಿದಾಗಲೇ ಜಾಕಿನೊಳಗೆ 9 ವೋಲ್ಟಿನ ಬ್ಯಾಟರಿಗೆ ಸಂಪರ್ಕ ಸಿಗುತ್ತದೆ.

ಪಕ್ಕೆಯಲ್ಲಿ ಚೌಕ ಕೊರೆದು ಕೂರಿಸಿದ ಪ್ರೀಆಂಪ್ (ಪಿಕಪ್ಪಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ) ಇರುವ ಗಿಟಾರುಗಳದ್ದೂ ಒಂದು ಮಾತು. ‘ಪಕ್ಕೆ’ ಅಂದರೆ ಎಲ್ಲರಿಗೂ ತಿಳಿಯುತ್ತದೆ ಅಂದುಕೊಂಡಿದ್ದೇನೆ, ‘ಬದಿಹಲಗೆ’ಗಿಂತ ಚಿಕ್ಕದು. ಆ ಚೌಕಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆ ಇಲ್ಲ, ಹಾಗಾಗಿ ತೂತು ಅಳೆಯದೆ ಬದಲಿ ಕೊಳ್ಳಬಾರದು. ‘ಬದಲಿ ಪಿಕಪ್’ ಅಂದರೆ ಸ್ಪೇರ್ ಅಂತ ತಿಳಿಯುವವರೂ ಇದ್ದಾರೆ, ಅದಕ್ಕೆ ಕೈಪಿಡಿಯ ತಲೆಬರಹದಲ್ಲಿ ‘ಹಳೇದು ತೆಗೆದು ಹೊಸದು’ ಅಂತಲೇ ಬಿಟ್ಟಿದ್ದೇನೆ.

ಈಗ ನಿಮ್ಮಿಂದ ಬೇಕಾದದ್ದು ಮುಖ್ಯವಾಗಿ ಒಂದೇ. ವೀಣೆಯ ಕುದುರೆಯ ತಲೆ ಮೇಲಿನ ಆ ತಗಡಿಗೆ ವೀಣೆ ಮಾಡುವವರು ಬರೀ ತಗಡು ಅಂತಾರೋ, ಬೇರೆ ಹೆಸರಿದೆಯೋ? ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಲ್ಲಿ ವೀಣೆ ಮಾಡುವವರಿದ್ದಾರೆ, ಮೈಸೂರಿನಲ್ಲೂ ಇದ್ದಾರೆ. ಆ ಕಡೆ ಒಡನಾಟ ಇರುವವರು ಕೇಳಿ ತಿಳಿಸಿದರೆ ಉಪಕಾರ. ಅವರ ಬಾಯಲ್ಲಿ ಪದ ಇದ್ದರೆ ಜೀನು ಇಳಿಸಿ ಅದನ್ನೇ ಹಾಕುತ್ತೇನೆ. ಇಲ್ಲದಿದ್ದರೆ ಜೀನೋ ಕುದುರೆಪಟ್ಟಿಯೋ, ನಿಮ್ಮ ಓಟು ಯಾವುದಕ್ಕೆ ಹೇಳಿ.