ಕಾಯಿ ಕಚ್ಚುವುದೋ, ಕಟ್ಟುವುದೋ?

ಎಲ್ಲರಿಗೂ ನಮಸ್ಕಾರ.

ಬೀನ್ಸ್ ಗಿಡಗಳನ್ನು ಕೈಯಿಂದ ಕ್ರಾಸ್ ಮಾಡುವ ಕೆಲಸ ನನ್ನದು. ಅದರ ಲೆಕ್ಕವನ್ನು ಈ ಸಲ ಪೂರ್ತಿ ಕನ್ನಡದಲ್ಲೇ ಬರೆಯೋಣ ಅಂತ ಕೂತೆ. ಮೂರನೇ ಕಾಲಂಗೇ ಸಿಕ್ಕಿಹಾಕಿಕೊಂಡೆ. ಪರಾಗ ಹಚ್ಚಿದ ಹೂವು ಉದುರದೆ ಉಳಿದು ಕಾಯಿಯಾಗುತ್ತದಲ್ಲ, ಪಾಡ್ ಸೆಟ್ ಅನ್ನುತ್ತಾರಲ್ಲ, ಅದಕ್ಕೆ ತಲೆಬರಹ ಏನು ಹಾಕಲಿ? ಕೆಲವರು ‘ಕಾಯಿ ಕಟ್ಟಿತು’ ಅನ್ನುತ್ತಾರೆ, ಕೆಲವರು ‘ಕಾಯಿ ಕಚ್ಚಿತು’. ಎರಡೂ ಒಂದೇ ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ.

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಬೀನ್ಸ್ ಹೂವು ಅರಳುವ ಹೊತ್ತಿಗೆ ಅದರದೇ ಪರಾಗ ಅದರದೇ ಶಲಾಕಾಗ್ರಕ್ಕೆ, ಅಂದರೆ ಹೆಣ್ಣು ಭಾಗದ ಕಡ್ಡಿಯ (ಶಲಾಕೆಯ) ತುದಿಗೆ, ಅಂಟಿಬಿಟ್ಟಿರುತ್ತದೆ. ಹಾಗಾಗಿ ನಾಳೆ ಅರಳುವ ಮೊಗ್ಗನ್ನು ಇವತ್ತೇ ಬಿಡಿಸಬೇಕು. ಧ್ವಜದಳ ಹಿಂದೆ ಸರಿಸಿ ರೆಕ್ಕೆದಳ ಎರಡನ್ನೂ ಅಗಲಿಸಿದರೆ ಒಳಗೆ ದೋಣಿದಳ. (ಈ ಹೆಸರು ಬಟಾಣಿಗೆ ಸರಿ. ಬೀನ್ಸ್‌ನಲ್ಲಿ ಅದೆಲ್ಲಿಯ ದೋಣಿ! ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ.) ಅದನ್ನು ಚಿಮಟದಿಂದ ಸೀಳಿ ಪರಾಗ ಕೊಡುವ ಗಂಡು ಭಾಗಗಳನ್ನು, ಅಂದರೆ ಹತ್ತೂ ಕೇಸರ ಕೀಳಬೇಕು. ಆಮೇಲೆ ತಂದೆ ಗಿಡದ ಅರಳಿದ ಹೂವಿನಿಂದ ಪರಾಗ ಮೆತ್ತಿದ ಶಲಾಕೆಯನ್ನೇ ತಂದು ಈ ಮೊಗ್ಗಿನ ಶಲಾಕಾಗ್ರಕ್ಕೆ ಉಜ್ಜುತ್ತೇವೆ.

ಹೋದ ಸಲ ಒಂದು ಗಿಡದಲ್ಲಿ 12 ಮೊಗ್ಗಿಗೆ ಹೀಗೆ ಮಾಡಿದ್ದೆ. ಕೆಲವೇ ದಿನಕ್ಕೆ 7 ಉದುರಿದವು. ಉಳಿದ 5ರಲ್ಲಿ, ಬಾಡಿದ ದಳದ ತುದಿಯಿಂದ ಹಸಿರು ಕೊಕ್ಕೆಯಂಥ ಪೀಚು ಇಣುಕುತ್ತಿತ್ತು. ಅದರಲ್ಲೂ 2 ಹಳದಿ ತಿರುಗಿ ಬಿದ್ದವು. ಕೊನೆಗೆ ಕಾಳು ಸಿಕ್ಕಿದ್ದು 3 ಕಾಯಲ್ಲಿ. ಈಗ ಮೂರನೇ ಕಾಲಂನಲ್ಲಿ 5 ಬರೆಯಲೋ, 3 ಬರೆಯಲೋ?

ಐದು ‘ಕಚ್ಚಿದ್ದು’, ಮೂರು ‘ಕಟ್ಟಿದ್ದು’ ಅನ್ನುವುದು ನನ್ನ ಅಂದಾಜು. ಬಟ್ಟೆಗೆ ಬಣ್ಣ ಕಚ್ಚುತ್ತದೆ, ಅಂದರೆ ಬಿಡದೆ ಹಿಡಿಯುತ್ತದೆ. ಪೀಚಿನ ತೊಟ್ಟು ಮಾಡುವುದೂ ಅದನ್ನೇ ಅಲ್ವಾ? ಕಟ್ಟುವುದು ಹಾಗಲ್ಲ. ಕೆನೆ ಕಟ್ಟುತ್ತದೆ, ಮೋಡ ಕಟ್ಟುತ್ತದೆ, ಕಾಳು ಕಟ್ಟುತ್ತದೆ. ಅದು ಇಷ್ಟಿಷ್ಟೇ ಕೂಡಿಕೊಳ್ಳುವ ಕೆಲಸ, ದಿನ ಹಿಡಿಯುತ್ತದೆ. ಆದರೆ ತಮಾಷೆ ನೋಡಿ, ಕಾಯಿ ಕಚ್ಚಿದರೆ ಖುಷಿ, ಬೆಳೆ ನೆಲಕಚ್ಚಿದರೆ ಗೋಳು.

‘ಫಲಧಾರಣೆ’ ಅಂತ ಹಾಕಿ ಅಂದರು ಒಬ್ಬರು. ನನಗೆ ಒಗ್ಗಲಿಲ್ಲ. ಹೂವಿನೊಳಗೆ ಕಣ್ಣಿಗೆ ಕಾಣದೆ ನಡೆಯುವುದನ್ನು ಹೇಳುತ್ತಿದ್ದೇವೋ, ಹೊರಗೆ ಎಣಿಸಲು ಸಿಗುವ ಕಾಯಿಯನ್ನೋ, ಆ ಪದದಿಂದ ತಿಳಿಯುವುದೇ ಇಲ್ಲ.

ಜೊತೆಗೆ ಇನ್ನೊಂದು ತಕರಾರು. ‘ಕೃತಕ ಪರಾಗಸ್ಪರ್ಶ’ ಅಂತ ಬರೆಯುತ್ತಾರೆ. ಪರಾಗ ಅಸಲಿ, ಹೂವು ಅಸಲಿ, ಹುಟ್ಟುವ ಕಾಳೂ ಅಸಲಿ. ಕೈ ಹಾಕಿದ್ದಷ್ಟೇ ನಾವು. ‘ಕೈಪರಾಗಸ್ಪರ್ಶ’ ಅಂದರೆ ಸಾಕಲ್ಲ? ‘ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ’ ಅನ್ನುವ ಮಾತಂತೂ ಇಲ್ಲಿ ತಪ್ಪೇ. ಕುಂಬಳಕ್ಕೆ ಅದು ಸರಿ, ಅಲ್ಲಿ ಹೂವುಗಳೇ ಬೇರೆ ಬೇರೆ. ಬೀನ್ಸ್‌ನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿ ಇರುತ್ತವೆ. ಅದಕ್ಕೇ ನಾನು ತಂದೆ ಗಿಡ, ತಾಯಿ ಗಿಡ ಅನ್ನುತ್ತೇನೆ.

ಸದ್ಯಕ್ಕೆ ಒಂದು ಕಾಲಂಗೆ ‘ಕಚ್ಚಿದ್ದು’, ಪಕ್ಕದ್ದಕ್ಕೆ ‘ಕಾಳುಗಟ್ಟಿದ್ದು’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಆದರೆ ಒಂದು ನಾಮಪದ ಬೇಕು. ‘ಕಾಳುಗಟ್ಟು’ ಸಲೀಸಾಗಿ ಬರುತ್ತದೆ. ಅದೇ ದಾರಿಯಲ್ಲಿ ಹೋಗಿ ‘ಕಾಯಿಗಚ್ಚು’ ಅಂದರೆ ಗಾರೆ ಗಚ್ಚು ನೆನಪಾಗಿ ನಗು ಬರುತ್ತದೆ. ‘ಕಾಯಿಕಚ್ಚು’ ಅಂತ ಕಕಾರ ಉಳಿಸಿಕೊಂಡರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ನಿಮ್ಮ ಕಡೆ ಈ ಎರಡು ಮಾತನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುವವರು ಇದ್ದರೆ ಅದನ್ನೂ ತಿಳಿಸಿ.