ಚಾವಣಿ ಸೌರ ವಿದ್ಯುತ್: ಬ್ಯಾಟರಿ ಬೇಕೇ, ಬೇಡವೇ? ಹಾಕಿಸಿದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ಕಡೆ: ತಿಂಗಳಿಗೆ 260 ಯೂನಿಟ್ ಉರಿಯುತ್ತದೆ. 3 ಕಿಲೋವಾಟ್ ಹಾಕಿಸಬೇಕೆಂದಿದ್ದೇನೆ. ಮನೆ ಹೆಂಚಿನದು, ಕೊಟ್ಟಿಗೆಗೆ ತಾರಸಿ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಬ್ಯಾಟರಿ ಸೇರಿಸಲೇ?

ಸಾಗರದ ಅಡಿಕೆ ಬೆಳೆಗಾರ: ನಾನು 2024ರಲ್ಲಿ ಬ್ಯಾಟರಿ ಇಲ್ಲದ್ದನ್ನೇ ಹಾಕಿಸಿದೆ. 1,92,000 ರೂಪಾಯಿ. ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ಖಾತೆಗೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಲೈನಿನಿಂದ ಬಂದದ್ದನ್ನೂ ಲೈನಿಗೆ ಕೊಟ್ಟದ್ದನ್ನೂ ಎಣಿಸುವ ಮೀಟರಿಗಾಗಿ 71 ದಿನ ಕಾದೆ. ಅಷ್ಟೂ ದಿನ ಪ್ಯಾನೆಲ್ ಸುಮ್ಮನೆ ಬಿಸಿಲು ಕಾಯಿಸಿತು. ಮೀಟರ್ ಬಂದ ವಾರವೇ ಬೆಳಿಗ್ಗೆ ಹನ್ನೊಂದಕ್ಕೆ ಲೈನ್ ಹೋಯಿತು. ತಲೆಯ ಮೇಲೆ ಸುಡುಬಿಸಿಲು, ಮನೆಯೊಳಗೆ ಫ್ಯಾನ್ ತಿರುಗುತ್ತಿಲ್ಲ! ಲೈನ್ ಸತ್ತರೆ, ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಒಗ್ಗಿಸುವ ಇನ್ವರ್ಟರ್ ತಾನೂ ನಿಲ್ಲಲೇಬೇಕು, ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ನಿಯಮ ಸರಿಯೇ. ಹಣ ಎಣಿಸಿಕೊಳ್ಳುವ ಮೊದಲು ಅದನ್ನು ಹೇಳಬೇಕಿತ್ತು.

ಹಾಸನದ ನಿವೃತ್ತ ಶಿಕ್ಷಕ: ಅದಕ್ಕೇ ನಾನು ಹೈಬ್ರಿಡ್ ಇನ್ವರ್ಟರಿಗೆ ಹೋದೆ, ಲೈನ್ ಹೋದರೂ ಬ್ಯಾಟರಿಯಿಂದ ಮನೆ ನಡೆಸುವಂಥದ್ದು. ಮೊದಲು ಸೀಸದ ಬ್ಯಾಟರಿ, ನಾಲ್ಕು, ತಲಾ 14,500. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ನೀರು ಹಾಕಿದೆ, ಟರ್ಮಿನಲ್ಲಿನ ಹಸಿರು ಪುಡಿ ತಿಕ್ಕಿದೆ. ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಊರು ಬಿಟ್ಟೆ. ಬಂದಾಗ ನಾಲ್ಕೂ ಒಣಗಿದ್ದವು. ಗುಜರಿಯವನು ಹತ್ತು ಸಾವಿರ ಕೊಟ್ಟ. ಈಗ ನೀರು ಹಾಕಬೇಕಿಲ್ಲದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 5 ಯೂನಿಟ್ ಹಿಡಿಯುವಂಥದ್ದು, 1,15,000. ಎರಡು ವರ್ಷವಾಯಿತು, ಒಂದು ರಾತ್ರಿಯೂ ಕತ್ತಲಿಲ್ಲ. ಅಂದು ದುಡ್ಡು ಉಳಿಸಿದವರು ಇಂದು ಕೊರಗುತ್ತಾರೆ.

ಸಾಗರದ ಅಡಿಕೆ ಬೆಳೆಗಾರ: ಮೇಷ್ಟ್ರೇ, ನಾನು ಕೊರಗುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ಮಾರ್ಚಿನಲ್ಲಿ ದಿನಕ್ಕೆ 12 ಯೂನಿಟ್ ಕೊಡುವ ನನ್ನ ಪ್ಯಾನೆಲ್, ಆಷಾಢದ ಮಳೆ ಹಿಡಿದ ದಿನ ಮೂರು ಕೊಟ್ಟರೆ ಹೆಚ್ಚು. ಹಾಸನದ ಬಿಸಿಲನ್ನು ನಮಗೆ ಅಳೆದು ಕೊಡಬೇಡಿ. ತುಂಬದ ಬ್ಯಾಟರಿಗೆ ಲಕ್ಷ ಯಾಕೆ?

ಹಾಸನದ ನಿವೃತ್ತ ಶಿಕ್ಷಕ: ಮೂರು ಯೂನಿಟ್‌ನಲ್ಲಿ ನಾಲ್ಕು ದೀಪ, ಎರಡು ಫ್ಯಾನ್ ರಾತ್ರಿಯಿಡೀ ನಡೆಯುತ್ತವೆ. ಲೈನ್ ಹೋದರೆ ನಿಮಗೆ ಆ ಮೂರೂ ಸಿಗುವುದಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಉಡುಪಿಯ ಗೃಹಿಣಿ: ನೀವಿಬ್ಬರೂ ನೆರಳಿನ ಮಾತೇ ಎತ್ತಲಿಲ್ಲ. ನಮ್ಮಲ್ಲಿ ತೆಂಗಿನ ಗರಿಯ ನೆರಳು ಎರಡು ಪ್ಯಾನೆಲ್ ಮೇಲೆ ಬಿದ್ದರೆ ಸಾಲಿಗೆ ಸಾಲೇ ಸೊರಗುತ್ತಿತ್ತು. ಅತ್ತೆ ನೆಟ್ಟ ಮರ ಕಡಿಸಿದೆವು. ಕೂಲಿ 3,500.

ಸಿರ್ಸಿಯಿಂದ: ಪರಿಸರ ಉಳಿಸಲು ಫಲ ಬಿಡುವ ಮರ ಕಡಿದಿರಾ? ಇದಕ್ಕಿಂತ ಕರೆಂಟ್ ಬಿಲ್ಲು ಕಟ್ಟುವುದೇ ಲೇಸು.

ಉಡುಪಿಯ ಗೃಹಿಣಿ: ಕಡಿಸಿದ ದಿನ ಅತ್ತೆ ಊಟ ಮಾಡಲಿಲ್ಲ. ನೀವು ಹೇಳುವ ಮೊದಲೇ ನನಗೆ ಗೊತ್ತಿದೆ. ಎರಡನೆಯ ಮರಕ್ಕೆ ಕೊಡಲಿ ತಾಗಿಸಲಿಲ್ಲ. 9,000 ಕೊಟ್ಟು ಪ್ಯಾನೆಲ್ ಚೌಕಟ್ಟನ್ನೇ ಪಶ್ಚಿಮಕ್ಕೆ ಸರಿಸಿದೆವು.

ಸಿರ್ಸಿಯಿಂದ: ಮೊದಲೇ ಸರಿಸಬಹುದಿತ್ತು.